ಒಣ ವಿಭೂತಿ

ಕಿವಿ ಮಂದವಾದ ಗಂಡನೊಡನೆ ಮೂವತ್ತೆರಡು ವರ್ಷ ಬಾಳಿದ ಜುಲೇಖಾ ಮೆಲ್ಲಗೆ ಮಾತಾಡುವುದನ್ನೇ ಮರೆತಿದ್ದಳು. ಸಾರಿಗೆ ಉಪ್ಪು ಸಾಕೇ ಎಂದು ಅಬ್ದುಲಸಮದನನ್ನು ಕೇಳಿದರೂ ದ್ರಾಕ್ಷಿ ತೋಟದ ಆಚೆ ಬದುವಿನ ಮೇಲಿದ್ದವರಿಗೆ ಕೇಳುತ್ತಿತ್ತು. ಅದಕ್ಕೆ ಅವಳು ಎಂದೂ ನಾಚಿದವಳಲ್ಲ. ಆದರೆ ಈ ಬುಧವಾರ ಮುಂಜಾನೆ ಠಾಣೆಯ ಸರಳುಗಳಿಗೆ ಮುಖ ಹಚ್ಚಿ, ನಾಲ್ಕು ಮಂದಿ ಪೊಲೀಸರ ಎದುರಿಗೆ ಒಳಗಿದ್ದ ಅವನನ್ನು ಸಾವಿನ ಮಾತು ಒದರಿ ಕೇಳಬೇಕಾಗಿ ಬಂದಾಗ ನಾಚಿಕೆಯಾಯಿತು. ರಂಜಾನಿನ ರೋಜಾ ಹಿಡಿದ ಬಾಯಿ, ನೀರಿನಿಂದ ತೇವ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಎಲ್ಲರಿಗೂ ತಿಳಿಯುವಂತೆ ಕನ್ನಡದಲ್ಲೇ ಮಾತಾಡಬೇಕೆಂದು ಫೌಜದಾರ ಸಿದ್ದಲಿಂಗೇಶ ಮೊದಲೇ ಹೇಳಿದ್ದ.

"ಕದಾ ಹಾಕೂ ಮುಂಚೆ ನೀ ಕರದಿ ಇಲ್ಲೋ?"

"ಕರದೆ. ದಿನಾ ಕರದಂಗ ಮೂರು ಸಲ ಕರದೆ."

"ಒಳಗಿಂದ ಯಾರರ ಓ ಅಂದ್ರೇನು?"

ಅಬ್ದುಲಸಮದ ತನ್ನ ಅಂಗೈಗಳನ್ನು ನೋಡಿಕೊಂಡ. ಗಂಧಕದ ಕೆಲಸದಿಂದ ಒಡೆದು ಹಳದಿಗಟ್ಟಿದ ಕೈಗಳು. "ಅಂದಿದ್ರ ನನಗೆಲ್ಲಿ ಕೇಳಸ್ತೈತಿ ಜುಲೇಖಾ? ಗೌಡ ಓ ಅಂದಿರಬೇಕು. ಕದಾ ಬಡದಿರಬೇಕು. ನಾ ಹೊರಗ ನಿಂತು ಕೇಳಲಿಲ್ಲ. ಅಂದಮ್ಯಾಲ ನಾನೇ ಕೊಂದಂಗ ಆತು."

ಹೀಗೆಯೇ ಅವನು ಫೌಜದಾರನಿಗೂ ಹೇಳಿದ್ದ. ಹೇಳಿದ್ದನ್ನು ಬರೆದುಕೊಂಡು ಸಹಿ ಮಾಡಿಸಿಕೊಂಡಿದ್ದರು. ಸಾಯಂಕಾಲ ನಾಲ್ಕಕ್ಕೆ ವಿಜಯಪುರದ ಕೋರ್ಟಿಗೆ ಒಯ್ಯುತ್ತೇವೆ, ಮಧ್ಯಾಹ್ನ ಎರಡಕ್ಕೆ ಗೌಡರಿಗೆ ಮಣ್ಣು ಕೊಡುತ್ತಾರೆ, ತಾನು ಬಂದೋಬಸ್ತಿಗೆ ಅಲ್ಲಿರಬೇಕು ಎಂದು ಸಿದ್ದಲಿಂಗೇಶ ತಿಳಿಸಿದ. ಕಟುಕನಲ್ಲದ, ಚಿಕ್ಕ ವಯಸ್ಸಿನ ಅಧಿಕಾರಿ. ತಾನೇನು ಮಾಡಲಿ, ಅವನೇ ಒಪ್ಪಿಕೊಂಡಿದ್ದಾನಲ್ಲ ಎಂದು ಅವಳ ಮುಖ ನೋಡದೆ ಅಂದ.

ಗಂಡ ಅಳದೆ ಕೂತಿದ್ದುದು ಜುಲೇಖಾಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಘೋಣಸಗಿಯ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತು ಕಲಿತವರು ಇವನೂ ಗೌಡರೂ. ಐವತ್ತು ವರ್ಷದ ಗೆಳೆಯ ಸತ್ತರೆ ಗಂಡಸಾದರೂ ಒಮ್ಮೆ ಗೋಳಾಡಬೇಕು. ಇವನು ಗೋಡೆ ನೋಡುತ್ತಿದ್ದ. ಕೋರ್ಟು ಏನಾದರೂ ಮಾಡಲಿ, ಈ ಮನುಷ್ಯ ತನಗೆ ತಾನೇ ಶಿಕ್ಷೆ ಬರೆದುಕೊಂಡು ಆಗಿದೆ ಎಂದು ಅವಳಿಗೆ ತಿಳಿಯಿತು.

ನಡೆದದ್ದು ಇಷ್ಟು. ತಿಕೋಟಾ ದಾಟಿ ಘೋಣಸಗಿಯ ಕಡೆ ಹೊರಳಿದರೆ ದ್ರಾಕ್ಷಿ ಪಡಗಳ ನಡುವೆ ಶಿವಯೋಗೆಪ್ಪ ಗೌಡರ ವಾಡೆ. ದಪ್ಪ ಕಲ್ಲಿನ ಗೋಡೆ, ಕಬ್ಬಿಣದ ಗಜಗಳಿರುವ ಹೆಬ್ಬಾಗಿಲು, ಒಳಗೆ ಅಂಗಳ. ಹಿತ್ತಿಲಲ್ಲಿ ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಶೆಡ್ಡುಗಳು, ಅವುಗಳ ತುದಿಗೆ ಗಂಧಕದ ಕೋಣೆ. ಒಣಗಿದ ಮಣೂಕಕ್ಕೆ ಬಂಗಾರದ ಬಣ್ಣ ಬರಲೆಂದು ಟ್ರೇಗಳನ್ನು ಆ ಕೋಣೆಯಲ್ಲಿ ಒಟ್ಟಿ, ಬಾಗಿಲ ಬಳಿ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಇಟ್ಟು, ಮೇಲೆ ಗಂಧಕದ ಪುಡಿ ಸುರಿದು, ಹೊರಗಿನಿಂದ ಚಿಲಕ ಹಾಕಿ, ಹೊಸ್ತಿಲಿಗೆ ಹಸಿ ಗೋಣಿ ತುರುಕುತ್ತಾರೆ. ನಾಲ್ಕು ತಾಸಿನ ಹೊಗೆ. ಅದರಲ್ಲಿ ಇಲಿ ಕೂಡ ಉಳಿಯುವುದಿಲ್ಲ.

ಮಂಗಳವಾರ ಮುಂಜಾನೆ ಆರೂವರೆಗೆ ಅಬ್ದುಲಸಮದ ನಮಾಜು ಮುಗಿಸಿ ಬಂದು, ಒಳಗೆ ಯಾರಾದರೂ ಇದ್ದೀರೇನು ಎಂದು ಮೂರು ಸಲ ಕರೆದು, ಗಂಧಕ ಹೊತ್ತಿಸಿ ಬಾಗಿಲು ಹಾಕಿದ. ಹತ್ತೂವರೆಗೆ ತೆಗೆದು ಹೊಗೆ ಬಿಟ್ಟ ಮೇಲೆ ಹಿಂದಿನ ಸಾಲಿನ ಟ್ರೇಗಳ ಮರೆಯಲ್ಲಿ ಗೌಡರು ಅಂಗಾತ ಬಿದ್ದಿದ್ದರು. ಕಾಲಲ್ಲಿ ಚಪ್ಪಲಿ, ಹಣೆಯಲ್ಲಿ ವಿಭೂತಿ. ಪೂಜೆ ಮುಗಿಸಿ ಎಂದಿನಂತೆ ಮಣೂಕ ನೋಡಲು ಬಂದವರು ಒಳಗೇ ಸಿಕ್ಕಿಕೊಂಡರು ಎಂದು ಕಂಡವರೆಲ್ಲ ಅಂದರು. ಪೂಜೆಯಾಗದೆ ಗೌಡರು ಹೊಸ್ತಿಲು ದಾಟುವವರಲ್ಲ, ಗುಟುಕು ನೀರೂ ಕುಡಿಯುವವರಲ್ಲ. ಆದ್ದರಿಂದ ಆ ವಿಭೂತಿಯೇ ಸಾಕ್ಷಿಯಾಯಿತು. ಸೊಸೆ ವಿಜಯಲಕ್ಷ್ಮಿ, ಗಂಡ ಅಪಘಾತದಲ್ಲಿ ಹೋದ ಮೇಲೂ ಮಾವನ ಸೇವೆಗೆಂದು ವಾಡೆಯಲ್ಲೇ ಉಳಿದವಳು, ಐದೂವರೆಗೆ ಪೂಜೆಯ ನೀರು ಹೂವು ಮಾವನ ಬಾಗಿಲ ಬಳಿ ಇಟ್ಟಿದ್ದೆ, ಏಳಕ್ಕೆ ನೋಡಿದಾಗ ತಂಬಿಗೆ ಬರಿದಾಗಿತ್ತು, ಪೂಜೆಯಾಗಿತ್ತು ಎಂದು ಬರೆಸಿದಳು. ಡಾಕ್ಟರು ಉಸಿರುಗಟ್ಟಿ ಸತ್ತಿದ್ದಾರೆ, ಉಳಿದದ್ದು ಲ್ಯಾಬಿನಿಂದ ಬರಬೇಕು ಎಂದರು.

ಚಿಲಕ ಬೇಕೆಂದೇ ಹಾಕಿದ್ದು ಎಂಬ ಮಾತು ಎತ್ತಿದವನು ಗೌಡರ ತಮ್ಮ ಮಲ್ಲಿನಾಥ. ಅವನ ಮನೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದೆ, ಮಣೂಕದ ಅಂಗಡಿ ಗಾಂಧಿ ಚೌಕದಲ್ಲಿ. ಸೋಮವಾರ ಸಂಜೆ ತಾನು ವಾಡೆಯಿಂದ ಊರಿಗೆ ಹೊರಡುವಾಗ ಅಣ್ಣ ಅಬ್ದುಲಸಮದನ ಮೇಲೆ ಕೂಗಾಡುತ್ತಿದ್ದ, ಕೆಲಸದಿಂದ ತೆಗೆಯುವೆ ಅಂದಿದ್ದ ಎಂದು ಅವನು ಹೇಳಿಕೆ ಕೊಟ್ಟ. ದ್ರಾಕ್ಷಿ ಕೊಯ್ಲಿಗೆಂದು ಹೊಸದಾಗಿ ಬಂದ ಆಳುಗಳೂ ಗೌಡರ ಕೂಗು ಕೇಳಿದ್ದು ಹೌದು ಅಂದರು. ಪಾಪ, ಅವರಿಗೇನು ಗೊತ್ತು. ಆ ವಾಡೆಯಲ್ಲಿ ಅಬ್ದುಲಸಮದನೊಡನೆ ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕು.

ಆ ಸಂಜೆ ಗೌಡರು ಕೂಗಿ ಹೇಳಿದ್ದೇನು ಎಂಬುದನ್ನು ಅಬ್ದುಲಸಮದ ಸರಳುಗಳ ಹಿಂದಿನಿಂದ ಹೆಂಡತಿಗೆ ಹೇಳಿದ. ಮಲ್ಲಿನಾಥ ಹೋದ ವರ್ಷದ ಕಪ್ಪಾದ ಮಣೂಕವನ್ನು ತಂದು ತೊಳೆಸಿ, ಎರಡು ಪಟ್ಟು ಗಂಧಕ ಕುಡಿಸಿ, ಹೊಸ ಮಾಲೆಂದು ಅಣ್ಣನ ಹೆಸರಿನ ಡಬ್ಬಿಯಲ್ಲಿ ತುಂಬುತ್ತಿದ್ದ. ಗೌಡರಿಗೆ ಅದು ಸೋಮವಾರ ತಿಳಿಯಿತು. ಶುಕ್ರವಾರ ಮಣೂಕದ ಹರಾಜು ಕೂಗುವ ಸವಾಲಿನ ಕಟ್ಟೆಯ ಮೇಲೆ ನಿಂತು, ಎಲ್ಲ ವ್ಯಾಪಾರಿಗಳ ಎದುರಿಗೆ, ನನ್ನ ಹೆಸರಿನ ಡಬ್ಬಿ ಈ ಸಲ ಯಾರೂ ಮುಟ್ಟಬೇಡಿ, ಒಳಗಿರುವುದು ನನ್ನ ತಮ್ಮನ ಮೋಸ ಎಂದು ಹೇಳಿಬಿಡುತ್ತೇನೆ ಅಂದರಂತೆ. ಇದನ್ನು ಫೌಜದಾರನಿಗೂ ಹೇಳಿದ್ದೆ, ಅವನು ನಂಬಲಿಲ್ಲ ಎಂದ ಅಬ್ದುಲಸಮದ. ಅದರಿಂದ ಈಗ ಏನಾಗಬೇಕಿದೆ ಎಂದು ಮತ್ತೆ ಗೋಡೆಗೆ ತಿರುಗಿದ.

ಜುಲೇಖಾ ಆ ಸಂಜೆ ವಾಡೆಯಲ್ಲಿರಲಿಲ್ಲ. ಬಬಲೇಶ್ವರದಲ್ಲಿ ಅಕ್ಕ ಜೀನತಳ ಮನೆಗೆ ಇಫ್ತಾರಿಗೆ ಹೋದವಳು ಅಲ್ಲೇ ಉಳಿದು, ಮಂಗಳವಾರ ಹನ್ನೊಂದೂವರೆಗೆ ಟಂಟಂ ರಿಕ್ಷಾ ಇಳಿದು ಬರುವಾಗ ಶೆಡ್ಡಿನ ಬಳಿ ಮಂದಿ ಕೂಡಿತ್ತು. ಗೌಡರನ್ನು ಹೊರಗೆ ತಂದು ಮಲಗಿಸಿದ್ದರು. ಅವಳು ಕೂತು, ಅವರ ಕಿವಿಯ ಹಳ್ಳದಲ್ಲಿ ನಿಂತಿದ್ದ ಬಿಳಿ ಪುಡಿಯನ್ನು ಓಢಣಿಯ ತುದಿಯಿಂದ ಒರೆಸಿದ್ದಳು. ಯಾಕೆ ಒರೆಸಿದಳೋ. ಸತ್ತವರ ಮುಖ ಚೊಕ್ಕಟವಿರಲಿ ಎಂದಷ್ಟೇ.

ಬುಧವಾರ ಹನ್ನೆರಡೂವರೆಗೆ ಅವಳು ವಾಡೆಗೆ ಬಂದಾಗ ಹೆಬ್ಬಾಗಿಲಲ್ಲಿ ಮಲ್ಲಿನಾಥ ನಿಂತಿದ್ದ. ಬಂದವರಿಗೆ ಕೈ ಮುಗಿಯುತ್ತ, ನಡುವೆ ಅಂಗಿಯ ಕಿಸೆಯಿಂದ ಪುಟ್ಟ ಡಬ್ಬಿ ತೆಗೆದು ವಿಭೂತಿಯ ಪುಡಿ ಹಣೆಗೆ ಒರೆಸಿಕೊಂಡ. ಬೆವರಿಗೆ ಅಳಿಸಿದಾಗೆಲ್ಲ ಹೀಗೆ ಹಚ್ಚಿಕೊಳ್ಳುವುದು ಅವನ ಪೇಟೆಯ ರೂಢಿ. ಪುಡಿ ಮೂಗಿನ ಮೇಲೂ ಅಂಗಿಯ ಮೇಲೂ ಉದುರಿತು.

"ಯಾವ ಮಾರಿ ತಗೊಂಡು ಬಂದೀಬೇ?" ಎಂದ.

"ಮಣ್ಣಿಗೆ ಬಂದೇನ್ರಿ," ಅಂದಳು ಜುಲೇಖಾ. "ಮೂವತ್ತು ವರ್ಷ ಅವರ ಅನ್ನಾ ಉಂಡೇನಿ."

ಅವನು ಇನ್ನೇನೋ ಅನ್ನುವಷ್ಟರಲ್ಲಿ ಒಳಗಿನಿಂದ ವಿಜಯಲಕ್ಷ್ಮಿ ಬಂದು, ಬರಲಿ ಬಿಡ್ರಿ ಕಾಕಾ ಎಂದು ಅವಳ ಕೈ ಹಿಡಿದು ಒಯ್ದಳು. ಅಂಗಳದಲ್ಲಿ ಕೂತ ಹೆಂಗಸರು ಸರಿದು ಜಾಗ ಬಿಟ್ಟರು. ಪ್ರೀತಿಯಿಂದಲ್ಲ, ಮೈ ತಾಗದಿರಲೆಂದು. ಜುಲೇಖಾ ಕಂಬದ ಬುಡದಲ್ಲಿ ಕೂತಳು. ದಿನವೂ ದೀಪ ಹಚ್ಚುವ ಹೊತ್ತಿಗೆ ಗೌಡರು ಈ ಕಟ್ಟೆಯ ಮೇಲೆ ಶರಣರ ವಚನ ಹೇಳುತ್ತಿದ್ದರು. ಅವಳು ಮಣೂಕ ಆರಿಸುವ ಮೊರ ಹಿಡಿದು ದೂರದಲ್ಲಿ ಕೂತು ಕೇಳುತ್ತಿದ್ದಳು. ಕೇಳಿ ಕೇಳಿ ಎಷ್ಟೋ ಅವಳಿಗೆ ಬಾಯಿಪಾಠ. ಅರ್ಥ ಕೇಳಲು ಎಂದೂ ಧೈರ್ಯ ಮಾಡಿರಲಿಲ್ಲ.

ದವಾಖಾನೆಯಿಂದ ಬಂದ ದೇಹವನ್ನು ಜಳಕ ಮಾಡಿಸಿ ಗೋಡೆಗೆ ಆನಿಸಿ ಪದ್ಮಾಸನದಲ್ಲಿ ಕೂಡಿಸಿದ್ದರು. ಊರ ಅಯ್ಯನವರು ಗೌಡರ ಪೂಜೆಯ ಪೆಟ್ಟಿಗೆಯಿಂದ ವಿಭೂತಿಯ ಗಟ್ಟಿ ತೆಗೆದು, ನೀರು ಹಾಕಿ ಅಂಗೈಯಲ್ಲಿ ತಿಕ್ಕಿ, ಮೂರು ಬೆರಳಿನಿಂದ ಹಣೆಗೆ ಎಳೆದರು. ಎಳೆದಾಗ ಕಾಣಲೂ ಇಲ್ಲ. ಒದ್ದೆ ಆರುತ್ತ ಬಂದಂತೆ ಮೂರು ಗೆರೆ ಬೆಳ್ಳಗೆ, ಅಚ್ಚು ಒತ್ತಿದಂತೆ ಎದ್ದವು. ಒಂದು ಕಣವೂ ಉದುರಲಿಲ್ಲ.

ಜುಲೇಖಾ ಆ ಗೆರೆಗಳನ್ನೇ ನೋಡಿದಳು. ಗೌಡರ ಹಣೆ ಮೂವತ್ತು ವರ್ಷದಿಂದ ಹೀಗೆಯೇ ಇತ್ತಲ್ಲ. ಬೆವರಿದರೂ ಸಂಜೆಯವರೆಗೆ ಅಳಿಸದ ಗೆರೆ. ಹಾಗಿದ್ದರೆ ನಿನ್ನೆ ಅವಳು ಒರೆಸಿದ ಪುಡಿ ಎಲ್ಲಿಯದು? ಗಂಧಕವಲ್ಲ, ಗಂಧಕವಾಗಿದ್ದರೆ ಹಳದಿ. ಕೂತವನು, ನಿಂತವನು ಪುಡಿ ಹಚ್ಚಿಕೊಂಡರೆ ಅದು ಮೂಗಿನ ಮೇಲೆ, ಮೀಸೆಯ ಮೇಲೆ ಬೀಳುತ್ತದೆ. ಈಗ ಬಾಗಿಲಲ್ಲಿ ಅವಳೇ ಕಂಡಿದ್ದಳು. ಗೌಡರ ಮೀಸೆ ಕಪ್ಪಗೆ ಚೊಕ್ಕಟವಿತ್ತು. ಪುಡಿ ಇದ್ದದ್ದು ಕಿವಿಯಲ್ಲಿ. ಹಣೆಯಿಂದ ಕಿವಿಗೆ ಇಳಿಯಬೇಕಾದರೆ ಮನುಷ್ಯ ಅಂಗಾತ ಮಲಗಿರಬೇಕು.

ಮಲಗಿದ್ದವರಿಗೆ ಯಾರೋ ಹಚ್ಚಿದ್ದಾರೆ.

ಹಚ್ಚುವಾಗ ಅವರಲ್ಲಿ ಜೀವ ಇರಲಿಲ್ಲ ಎಂಬುದೂ ಆಗಲೇ ತಿಳಿಯಿತು, ಇದ್ದಿದ್ದರೆ ಆ ಪುಡಿ ಹಚ್ಚಿಸಿಕೊಳ್ಳುತ್ತಿರಲಿಲ್ಲ. ಪೂಜೆಯಾಗದೆ ಗೌಡರು ಹೊಸ್ತಿಲು ದಾಟುವುದಿಲ್ಲ ಎಂದು ಬಲ್ಲವನೇ, ಬರಿ ಹಣೆಯ ಹೆಣ ಶೆಡ್ಡಿನಲ್ಲಿ ಸಿಕ್ಕರೆ ಎಲ್ಲ ಹೊರಬೀಳುತ್ತದೆ ಎಂದು ಅಂಜಿ ಹಚ್ಚಿದ್ದಾನೆ. ಅಂದರೆ ಅಬ್ದುಲಸಮದ ಬಾಗಿಲಲ್ಲಿ ನಿಂತು ಕರೆದಾಗ ಒಳಗೆ ಓಗೊಡುವವರು ಯಾರೂ ಇರಲಿಲ್ಲ.

ಆದರೆ ಇದನ್ನು ಯಾರಿಗೆ ಹೇಳಬೇಕು? ಮುಖ ತೊಳೆದಾಗಿತ್ತು. ಓಢಣಿಯ ತುದಿಯನ್ನು ಅವಳೇ ರಾತ್ರಿ ಒಗೆದಿದ್ದಳು. ಆರೋಪಿಯ ಹೆಂಡತಿಯ ಬಾಯಿಮಾತು ಬಿಟ್ಟರೆ ಏನೂ ಉಳಿದಿರಲಿಲ್ಲ. ಅಂಗಳದ ಗಡಿಯಾರ ಒಂದು ಹೊಡೆಯಿತು.

ಅವಳು ಎದ್ದು ಅಡುಗೆಮನೆಗೆ ಹೋದಳು. ವಿಜಯಲಕ್ಷ್ಮಿ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ಆ ಮನೆಯಲ್ಲಿ ಪುಡಿ ವಿಭೂತಿ ಯಾರಾದರೂ ಬಳಸುತ್ತಾರೆಯೇ ಎಂದು ಜುಲೇಖಾ ಆದಷ್ಟು ದನಿ ತಗ್ಗಿಸಿ ಕೇಳಿದಳು. ಇಲ್ಲ, ಮಾವನವರಿಗೆ ಆಗುತ್ತಿರಲಿಲ್ಲ, ಪುಡಿ ಅಂಗಡಿಯವರಿಗೆ ಎನ್ನುತ್ತಿದ್ದರು ಎಂದಳು ವಿಜಯಲಕ್ಷ್ಮಿ. ಹೇಳಿ ಮುಗಿಸುವಷ್ಟರಲ್ಲಿ ತಾನೇ ಏನನ್ನೋ ಕಂಡವಳಂತೆ ಹೆಬ್ಬಾಗಿಲ ಕಡೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. ಜುಲೇಖಾ ಕಿವಿಯ ಪುಡಿಯ ಸಂಗತಿ ಹೇಳಿದಳು.

"ನಾ ಕಣ್ಣಲೆ ಪೂಜಿ ನೋಡಿಲ್ಲ ಜುಲೇಖಾ," ಎಂದಳು ವಿಜಯಲಕ್ಷ್ಮಿ. "ತಂಬಗಿ ಬರಿದಾಗಿತ್ತು. ಹೂವು ಇರಲಿಲ್ಲ. ಹಣಿ ಮ್ಯಾಲ ವಿಭೂತಿ ಇತ್ತು. ಅದಕ್ಕ ಆಗೇತಿ ಅಂದೆ."

"ಯಾವ ಹೂವು ಇಟ್ಟಿದ್ದಿ?"

"ಮಂಗಳವಾರಲ್ಲ? ಕಣಗಿಲ."

ಗೌಡರ ಪೂಜೆಯ ಕ್ರಮ ಈ ಇಬ್ಬರು ಹೆಂಗಸರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಸೋಮವಾರ ಬಿಲ್ವಪತ್ರಿ. ಹಳ್ಳದ ದಂಡೆಯ ಮರದಿಂದ ಅದನ್ನು ತರುವವನು ಅಬ್ದುಲಸಮದ, ಇಪ್ಪತ್ತು ವರ್ಷದಿಂದ ಒಂದು ಸೋಮವಾರವೂ ತಪ್ಪಿಸಿರಲಿಲ್ಲ. ಉಳಿದ ದಿನ ಬಾವಿಯ ಬಳಿಯ ಕಣಗಿಲ. ಪೂಜೆ ಮುಗಿದ ಮೇಲೆ ಗೌಡರು ಹಿಂದಿನ ದಿನದ್ದನ್ನು ತೆಗೆದು, ಆ ದಿನದ ಎಲೆಯನ್ನೋ ಎಸಳನ್ನೋ ಲಿಂಗದ ಜೊತೆ ವಸ್ತ್ರದಲ್ಲಿ ಸುತ್ತಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಮರುದಿನದ ಪೂಜೆಯವರೆಗೆ ಅದನ್ನು ಬಿಚ್ಚುವವರಿಲ್ಲ.

"ಕರಡಿಗಿ ಎಲ್ಲೈತಿ?" ಕೇಳಿದಳು ಜುಲೇಖಾ.

ವಿಜಯಲಕ್ಷ್ಮಿ ಸೆರಗಿನ ಗಂಟು ಮುಟ್ಟಿ ತೋರಿಸಿದಳು. ದವಾಖಾನೆಯವರು ತೆಗೆದು ಅವಳ ಕೈಗೇ ಕೊಟ್ಟಿದ್ದರು. ಯಾರೂ ಬಿಚ್ಚಿರಲಿಲ್ಲ, ಇನ್ನೊಬ್ಬರ ಲಿಂಗವನ್ನು ಬಿಚ್ಚುವ ಪದ್ಧತಿಯೇ ಇರಲಿಲ್ಲ. ಲಿಂಗ ತೆಗೆದು ಅಂಗೈಯಲ್ಲಿ ಇಡುವುದೇನೂ ಬೇಡ, ಅಣ್ಣ ಕಟ್ಟಿಕೊಂಡ ಹಾಗೆಯೇ ಕರಡಿಗೆ ಸಮೇತ ಕೊರಳಿಗೆ ಹಾಕಿ ಮಣ್ಣು ಕೊಡೋಣ ಎಂದು ಮಲ್ಲಿನಾಥ ಬೆಳಿಗ್ಗೆಯೇ ಹೇಳಿದ್ದನಂತೆ. ಇನ್ನೊಂದು ತಾಸಿಗೆ ಅದು ನೆಲದೊಳಗೆ ಹೋಗುತ್ತದೆ.

ಕರಡಿಗೆಯಲ್ಲಿ ಇನ್ನೂ ಸೋಮವಾರದ ಪತ್ರಿಯೇ ಇದ್ದರೆ ಮಂಗಳವಾರ ಪೂಜೆಯಾಗಿಲ್ಲ. ಒಳಗೆ ಕಣಗಿಲದ ಎಸಳಿದ್ದರೆ ಪೂಜೆಯಾದದ್ದು ನಿಜ. ಜುಲೇಖಾ ತನ್ನ ಕೈಯಾರೆ ಗಂಡನ ಮೇಲಿನ ಆರೋಪಕ್ಕೆ ಮೊಳೆ ಹೊಡೆದಂತೆ, ಶವದ ಮುಂದೆ ಲಿಂಗ ಬಿಚ್ಚಿಸಿದ ಅಪರಾಧವೂ ಮೇಲೆ. ವಿಜಯಲಕ್ಷ್ಮಿಗೆ ಆ ಮನೆಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಇಲ್ಲೇ ನೋಡಿಬಿಡೋಣವೇ ಎಂದಳು ವಿಜಯಲಕ್ಷ್ಮಿ. ಬೇಡ ಎಂದಳು ಜುಲೇಖಾ. ನಾವಿಬ್ಬರೇ ಬಿಚ್ಚಿದರೆ ನಾವೇ ಇಟ್ಟೆವು ಅನ್ನುತ್ತಾರೆ. ನಾಲ್ಕು ಮಂದಿಯ ಕಣ್ಣೆದುರು ಅಯ್ಯನವರ ಕೈಯೇ ಬಿಚ್ಚಬೇಕು.

ಅವಳು ಅಂದುಕೊಂಡದ್ದು ಅಯ್ಯನವರ ಬಳಿ ಬಾಗಿ ಮೆಲ್ಲಗೆ ಹೇಳಬೇಕೆಂದು. ಆದರೆ ಮೂವತ್ತೆರಡು ವರ್ಷದ ರೂಢಿ. ಬಾಯಿ ತೆರೆದದ್ದೇ ಮಾತು ಅಂಗಳದ ತುಂಬ ಬಿತ್ತು.

"ಅಯ್ಯನೋರ, ಆ ಕರಡಿಗಿ ಬಿಚ್ಚಿ ನೋಡ್ರಿ. ಮಂಗಳವಾರ ಗೌಡ್ರ ಪೂಜಿ ಆಗಿಲ್ಲ."

ಅಂಗಳದಲ್ಲಿ ಹಾಡುತ್ತಿದ್ದ ಭಜನೆಯವರ ತಾಳ ನಿಂತಿತು. ಬೇವಿನ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದ ಫೌಜದಾರ ತಲೆ ಎತ್ತಿದ. ಮಲ್ಲಿನಾಥ ಹೆಬ್ಬಾಗಿಲಿಂದ ಮಂದಿಯನ್ನು ಸರಿಸಿಕೊಂಡು ಬಂದ.

"ಗಂಡನ್ನ ಬಿಡಿಸ್ಕೊಳ್ಳಾಕ ನಮ್ಮ ಲಿಂಗದ ಮ್ಯಾಲ ಕೈ ಹಾಕತೀಯೇನು? ಯಾರಲೇ ಅಲ್ಲೆ, ಇಕೀನ್ನ ಹೊರಗ ಹಾಕ್ರಿ."

"ನಾ ಮುಟ್ಟೂದಿಲ್ರಿ," ಎಂದಳು ಜುಲೇಖಾ. "ಅಯ್ಯನೋರು ನೋಡ್ಲಿ. ಒಳಗ ಕಣಗಿಲ ಇದ್ರ ನನ್ನ ಗಂಡಗ ಏನ್ ಶಿಕ್ಷಾ ಬರತೈತಿ ಬರಲಿ, ನಾ ಬಾಯಿ ತಗಿಯೂದಿಲ್ಲ. ಈ ವಾಡೇಕೂ ಬರೂದಿಲ್ಲ."

ಇಬ್ಬರು ಆಳುಗಳು ಮುಂದೆ ಬಂದರು. ಅಷ್ಟರಲ್ಲಿ ವಿಜಯಲಕ್ಷ್ಮಿ ಸೆರಗಿನ ಗಂಟು ಬಿಚ್ಚಿ ಕರಡಿಗೆಯನ್ನು ಅಯ್ಯನವರ ಮುಂದಿನ ತಾಟಿನಲ್ಲಿ ಇಟ್ಟುಬಿಟ್ಟಳು. ಕಾಕಾನ ಕಡೆ ನೋಡಲಿಲ್ಲ. ಅಯ್ಯನವರು ಎಂಬತ್ತರ ಮುದುಕರು, ಅವಸರದವರಲ್ಲ. ಕರಡಿಗೆಯನ್ನು ನೋಡಿದರು, ಗೋಡೆಗೆ ಆನಿ ಕೂತ ಗೌಡರನ್ನು ನೋಡಿದರು. ಅಂಗೈಯಲ್ಲಿ ಲಿಂಗವಿಲ್ಲದೆ ಮಣ್ಣು ಕೊಡುವುದು ತಮಗೂ ಒಪ್ಪಿತವಿರಲಿಲ್ಲ, ಮನೆಯವರ ಮಾತಿಗೆ ಸುಮ್ಮನಿದ್ದೆ ಎಂದು ಹೇಳಿ ಕೈ ತೊಳೆದುಕೊಂಡರು. ಫೌಜದಾರ ಎದ್ದು ಬಂದು ಅವರ ಹಿಂದೆ ನಿಂತ.

ಬೆಳ್ಳಿಯ ಮುಚ್ಚಳ ಬಿಗಿಯಾಗಿತ್ತು. ಅಯ್ಯನವರ ಬೆರಳು ಎರಡು ಸಲ ಜಾರಿದವು. ಜುಲೇಖಾ ಮನಸ್ಸಿನಲ್ಲೇ ಅಲ್ಲಾನ ಹೆಸರು ಹಿಡಿದಿದ್ದಳು. ಆಮೇಲೆ ಮುಚ್ಚಳ ಬಂತು. ಬಿಳಿ ವಸ್ತ್ರದ ಪುಟ್ಟ ಸುರುಳಿ. ಅವರು ಒಂದು ಮಡಿಕೆ ಬಿಚ್ಚಿದರು, ಇನ್ನೊಂದು ಬಿಚ್ಚಿದರು. ಲಿಂಗದ ಮೇಲೆ ಅಂಟಿಕೊಂಡದ್ದನ್ನು ತೊಟ್ಟು ಹಿಡಿದು ಎತ್ತಿದರು. ಮೂರು ದಳದ ಎಲೆ, ಅಂಚು ಸುರುಟಿ ಒಣಗಿತ್ತು.

"ಪತ್ರಿ," ಅಂದರು.

ವಿಜಯಲಕ್ಷ್ಮಿ ತಾನು ಮಂಗಳವಾರ ಕಣಗಿಲ ಇಟ್ಟದ್ದನ್ನು, ತಂಬಿಗೆ ಬರಿದಾಗಿ ಹೂವು ಇಲ್ಲವಾದದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಜುಲೇಖಾ ಕಿವಿಯ ಪುಡಿಯ ಮಾತು ಹೇಳಿದಳು. ಸಿದ್ದಲಿಂಗೇಶ ಮೊಬೈಲು ತೆಗೆದ. ಗೌಡರನ್ನು ಟ್ರೇಗಳ ಮರೆಯಿಂದ ಎತ್ತುವ ಮುಂಚೆ ಆಳೊಬ್ಬ ತೆಗೆದು ಕಳಿಸಿದ್ದ ಫೋಟೋ ಅದರಲ್ಲಿತ್ತು. ಬೆರಳಿನಿಂದ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿ, ಅಯ್ಯನವರ ಮುಂದೆ ಹಿಡಿದ. ಕಿವಿಯ ಮೇಲಿನ ಕೂದಲಲ್ಲಿ, ಕಿವಿಯ ಹಳ್ಳದಲ್ಲಿ ಬಿಳಿ ಪುಡಿ. ಮೂಗು ಮೀಸೆ ಚೊಕ್ಕ.

"ಇದು ಗಟ್ಟಿ ಅಲ್ಲ. ಪುಡಿ," ಎಂದರು ಅಯ್ಯನವರು.

ಯಾರೂ ಮಲ್ಲಿನಾಥನ ಕಿಸೆಯ ಹೆಸರು ಹೇಳಲಿಲ್ಲ. ಅವನೇ ಮಾತಾಡಿದ. ಪುಡಿ ಪೇಟೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ, ಅಬ್ದುಲಸಮದನೇ ಕೊಂದು, ತಂದು, ಹಚ್ಚಿರಬಹುದು ಅಂದ. ಮಾತು ಸುಳ್ಳೆನ್ನುವಂತಿರಲಿಲ್ಲ. ಕೂಡಿದವರಲ್ಲಿ ಒಬ್ಬಿಬ್ಬರು ತಲೆ ಆಡಿಸಿದರು. ಫೌಜದಾರ ಜುಲೇಖಾಳ ಕಡೆ ತಿರುಗಿದ.

"ಸೋಮವಾರ ಪತ್ರಿ ತಂದಾವ ನನ್ನ ಗಂಡನೇ ರೀ," ಎಂದಳು. "ಒಳಗ ಪತ್ರಿ ಐತಿ ಅಂತ ಅವನಷ್ಟು ಯಾರಿಗೆ ಗೊತ್ತಿತ್ತು? ನೀರು ಚೆಲ್ಲಿದಾವ, ಹೂವು ಒಗದಾವ, ವಿಭೂತಿ ಹಚ್ಚಿದಾವ ಇದೊಂದು ಯಾಕ ಬಿಟ್ಟ?"

ಅಯ್ಯನವರು ವಸ್ತ್ರದ ಮೇಲಿನ ಲಿಂಗವನ್ನೇ ನೋಡುತ್ತಿದ್ದರು. "ಮುಟ್ಟಾಕ ಧೈರ್ಯ ಬರಲಿಲ್ಲ ಅವಗ," ಎಂದರು. "ತಾನೂ ಲಿಂಗ ಕಟ್ಟಿಕೊಂಡಾವ ಇದ್ದಾನ."

ಆಮೇಲೆ ಅವರು ಲಿಂಗವನ್ನು ವಸ್ತ್ರದ ಸಮೇತ ಎತ್ತಿ ಮಲ್ಲಿನಾಥನ ಮುಂದೆ ಹಿಡಿದರು. ಮಗ ಇಲ್ಲದವನಿಗೆ ತಮ್ಮನೇ ಮಗ, ಇದನ್ನು ತೆಗೆದುಕೊಂಡು ಅಣ್ಣನ ಅಂಗೈಯಲ್ಲಿ ಇಡಬೇಕು, ಇಡುವಾಗ ಸೋಮವಾರ ಸಂಜೆಯಿಂದ ಮಂಗಳವಾರ ಸಾವಿನ ಸುದ್ದಿ ಬರುವ ತನಕ ವಿಜಯಪುರದಲ್ಲಿದ್ದೆ ಎಂದು ಇದರ ಮುಂದೆ ಒಂದು ಮಾತು ಹೇಳಬೇಕು ಅಂದರು. ಮಲ್ಲಿನಾಥ ಕೈ ಹಿಂದೆ ಎಳೆದುಕೊಂಡ. ಸಾವಿನ ಮನೆ, ಸೂತಕ, ಹೇಗೆ ಮುಟ್ಟಲಿ ಎಂದ.

"ಲಿಂಗ ಕಟ್ಟಿದವರಿಗೆ ಎಲ್ಲೀ ಸೂತಕೋ ಮಲ್ಲಿನಾಥಾ," ಎಂದರು ಅಯ್ಯನವರು. ಸಿಟ್ಟಿರಲಿಲ್ಲ, ಚಿಕ್ಕ ಮಗುವಿಗೆ ಹೇಳಿದಂತಿತ್ತು. "ನಿನಗ ದೀಕ್ಷಾ ಕೊಟ್ಟಾವ ನಾನೇ ಅಲ್ಲೇನು? ಹಿಡಿ."

ಅವರ ಮುದಿ ಕೈ ಚಾಚಿಯೇ ಇತ್ತು. ಸಿದ್ದಲಿಂಗೇಶ, ಮೊಬೈಲು ಆ ಹೊತ್ತಿನಲ್ಲಿ ಎಲ್ಲಿತ್ತೆಂದು ಕಂಪನಿಯಿಂದ ತರಿಸಿದರೆ ತಿಳಿಯುತ್ತದೆ ಎಂದು ಸಾವಕಾಶ ಹೇಳಿದ. ಮಲ್ಲಿನಾಥ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನ ಕಣ್ಣು ಅಯ್ಯನವರ ಅಂಗೈ ಬಿಟ್ಟು ಕದಲಲಿಲ್ಲ. ಮಂಡಿ ಮಡಿಸಿ ನೆಲಕ್ಕೆ ಕೂತ.

"ಆ ಹೊತ್ನ್ಯಾಗ ಜಳಕಾ ಆಗಿರಲಿಲ್ರಿ," ಎಂದ. "ಮೈಲಿಗಿ ಕೈಲೆ ಅದನ್ನ ಹೆಂಗ ಮುಟ್ಟಲಿ?"

ಉಳಿದದ್ದು ತುಂಡು ತುಂಡಾಗಿ ಬಂತು. ಮುಂಜಾನೆ ನಸುಕಿನಲ್ಲಿ ಪಡಗಳ ನಡುವಿನಿಂದ ಬಂದು ಅಣ್ಣನ ಕಾಲು ಹಿಡಿದಿದ್ದ. ಶುಕ್ರವಾರ ಕಟ್ಟೆಯ ಮೇಲೆ ತನ್ನ ಹೆಸರು ಎತ್ತಬೇಡ, ಗಾಂಧಿ ಚೌಕದಲ್ಲಿ ತಲೆ ಎತ್ತಿ ತಿರುಗದಂತೆ ಮಾಡಬೇಡ ಎಂದಿದ್ದ. ಅಣ್ಣ ಒಪ್ಪಲಿಲ್ಲ, ಮಲಗಿದಲ್ಲಿಂದ ಏಳಲು ಹೋದ. ದಿಂಬು ಕೈಗೆ ಸಿಕ್ಕಿತು. ಅಬ್ದುಲಸಮದನ ಕಿವಿ ಮಂದ ಎಂದು ಎಲ್ಲರಿಗೂ ಗೊತ್ತಿತ್ತು, ಅವನು ಕೇಳಲಿಲ್ಲ ಎಂದರೆ ಎಲ್ಲರೂ ನಂಬುತ್ತಾರೆ ಎಂದು ಗಂಧಕದ ಕೋಣೆಗೆ ಒಯ್ದ. ಅಣ್ಣನ ಉಸಿರು ತಡೆದ ಕೈಗೆ ಅಣ್ಣನ ಪೂಜೆಯ ಪೆಟ್ಟಿಗೆಯನ್ನಾಗಲಿ ಲಿಂಗವನ್ನಾಗಲಿ ಮುಟ್ಟಲು ಆಗಲಿಲ್ಲ. ತನ್ನ ಡಬ್ಬಿಯ ಪುಡಿ ಹಚ್ಚಿದ. ಹಚ್ಚುವಾಗ ಕ್ಷಮಿಸೆಂದು ಕೇಳಿದೆ ಎಂದ. ಅದನ್ನು ನಂಬಿದವರೂ ಇದ್ದರು, ನಂಬದವರೂ ಇದ್ದರು.

ಪೊಲೀಸರು ಅವನನ್ನು ಹಿತ್ತಿಲ ಬಾಗಿಲಿಂದ ಒಯ್ದರು. ಹೆಂಗಸರಾರೂ ಅತ್ತು ಶಾಪ ಹಾಕಲಿಲ್ಲ. ಅಯ್ಯನವರು ಲಿಂಗವನ್ನು ವಿಜಯಲಕ್ಷ್ಮಿಯ ಕಡೆ ತಿರುಗಿಸಿದರು. ಅವಳು ಕೈ ತೊಳೆದು, ಬಾವಿಯ ಬಳಿಯ ಗಿಡದಿಂದ ಹೂವು ತಂದು, ಮಾವನ ಎಡಗೈ ಬಿಡಿಸಿ ಇಟ್ಟಳು.

ಮಣ್ಣು ಮುಗಿದು ಜುಲೇಖಾ ಠಾಣೆ ಮುಟ್ಟಿದಾಗ ಐದು ದಾಟಿತ್ತು. ಕೋರ್ಟಿಗೆ ಒಯ್ಯುವುದು ನಿಂತಿದೆ, ಕಾಗದಪತ್ರ ಆಗಬೇಕು, ಇವತ್ತೇ ಬಿಡಲಾಗುವುದಿಲ್ಲ, ಆದರೆ ಒಳಗೆ ಹೋಗಿ ಮಾತಾಡು ಎಂದು ಸಿದ್ದಲಿಂಗೇಶ ತಾನೇ ಬೀಗ ತೆಗೆದ. ಅಬ್ದುಲಸಮದ ಗೋಡೆಗೆ ಮುಖ ಮಾಡಿ ಕೂತಿದ್ದ. ಅವಳು ಪಕ್ಕದಲ್ಲಿ ಕೂತು, ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದದ್ದನ್ನು ಮೊದಲು ಹೇಳಿದಳು. ಕೊಂದವನ ಹೆಸರು ಆಮೇಲೆ ಹೇಳಿದಳು.

"ನೀ ಕದಾ ಹಾಕೂ ಮುಂಚೇನೇ ಗೌಡ್ರು ಹೋಗಿದ್ರು. ಒಂದು ತಾಸು ಮೊದಲ."

ಅವನು ಅವಳ ತುಟಿಗಳನ್ನು ನೋಡುತ್ತಿದ್ದ. ಇನ್ನೊಮ್ಮೆ ಹೇಳು ಎಂಬಂತೆ ಗದ್ದ ಎತ್ತಿದ. ಅವಳು ಇನ್ನೊಮ್ಮೆ ಹೇಳಿದಳು.

"ಹಂಗಾರ ನನ್ನ ಕರದಿಲ್ಲ ಅಂವ."

"ಇಲ್ಲ."

"ಕದಾ ಬಡದಿಲ್ಲ."

"ಇಲ್ಲ. ಬಡದಿಲ್ಲ."

ಮಣ್ಣಾಯಿತೇ ಎಂದು ಅಬ್ದುಲಸಮದ ಕೇಳಿದ. ಆಯಿತು ಎಂದಳು. ಯಾರ್ಯಾರು ಬಂದಿದ್ದರು ಎಂದು ಕೇಳಿದ. ಅವಳು ಒಬ್ಬೊಬ್ಬರ ಹೆಸರು ಹೇಳತೊಡಗಿದಳು, ಬಬಲೇಶ್ವರದಿಂದ ಬಂದವರು, ತಿಕೋಟಾದಿಂದ ಬಂದವರು, ಇಬ್ಬರಿಗೂ ಅಕ್ಷರ ಕಲಿಸಿದ ಘೋಣಸಗಿಯ ಹಳೆಯ ಮಾಸ್ತರರು. ಮಾಸ್ತರರ ಹೆಸರು ಬಂದಾಗ ಅವನ ಮುಖ ಮುರಿಯಿತು. ಎರಡು ದಿನದಿಂದ ತಡೆದಿದ್ದ ಅಳು, ಸತ್ತ ಗೆಳೆಯನಿಗಾಗಿ ಗೆಳೆಯ ಅಳುವ ಅಳು, ಈಗ ಬಂತು. ಜುಲೇಖಾ ಹೆಸರು ಹೇಳುವುದನ್ನು ನಿಲ್ಲಿಸಿ ಅವನ ಬೆನ್ನ ಮೇಲೆ ಕೈ ಇಟ್ಟು ಕೂತಳು.